ಕೆರೆ ಕಾಯಿಸಲು ಹೊರಟವಳು

ಹಿಮದ ಬೆಟ್ಟಗಳ ನಡುವೆ ಒಂದು ಸರೋವರ. ದಂಡೆಯಲ್ಲಿ ಕಲ್ಲಿನ ಒಂದು ಕುಟೀರ. ಬೇರೆ ಆಶ್ರಮಗಳಲ್ಲಿ ಕಾವಿ ಬಟ್ಟೆ ಒಣಗುವ ಜಾಗದಲ್ಲಿ ಇಲ್ಲಿ ಮೂರು ಕಪ್ಪು ರಬ್ಬರಿನ ಅಂಗಿಗಳು ನೇತಾಡುತ್ತಿದ್ದವು.

ಅಲ್ಲಿದ್ದವರು ಶಿನ್ನಯ್ಯ. ಕುಂದಾಪುರದ ಕಡೆಯ ಖಾರ್ವಿ, ಮೀನುಗಾರರ ಕುಲ. ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು, ನಿವೃತ್ತರಾದ ಮೇಲೆ ಇಲ್ಲಿ ಬಂದು ನೆಲೆಸಿದ್ದರು. ನೀರಿನಲ್ಲಿ ಮುಳುಗಿ ಸತ್ತವರನ್ನು ಮೇಲೆ ತಂದು ಅವರವರ ಮನೆಯವರಿಗೆ ಒಪ್ಪಿಸುವುದು ಅವರ ಕೆಲಸ. ಈಗ ಎಪ್ಪತ್ತಾಗಿತ್ತು. ಎದೆ ಮೊದಲಿನಂತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಮಾದೇವಿ ಅವರನ್ನು ಹುಡುಕಿಕೊಂಡು ಬಂದಳು. ಮುರ್ಡೇಶ್ವರದ ಹರಿಕಂತ್ರರ ಹೆಣ್ಣು, ಅವಳದೂ ಮೀನುಗಾರರ ಮನೆಯೇ. ಮೂವತ್ತರ ಆಸುಪಾಸು.

"ಗುರುಗಳೇ, ನನಗೆ ಕಲಿಸಬೇಕು."

"ಈವರೆಗೆ ಎಂತ ಮಾಡಿಕೊಂಡಿದ್ದೆ?"

"ಪ್ರವಾಸಿಗಳನ್ನು ಸಮುದ್ರದ ಅಡಿಗೆ ಕರೆದುಕೊಂಡು ಹೋಗಿ ಮೀನು ತೋರಿಸುತ್ತಿದ್ದೆ. ಹತ್ತು ವರ್ಷ."

"ಒಳ್ಳೆಯ ಕೆಲಸವೇ. ಜನಕ್ಕೂ ಸಂತೋಷ, ಮೀನಿಗೂ ಹೊತ್ತು ಹೋಗುತ್ತದೆ."

ಮಾದೇವಿ ನಗಲಿಲ್ಲ.

"ಈ ಮಳೆಗಾಲದಲ್ಲಿ ನಮ್ಮಲ್ಲಿ ಒಂದು ದೋಣಿ ಮಗುಚಿತು. ನಾಲ್ಕು ಜನ ಹೋದರು. ನಾನೇ ಇಳಿದು ತಂದೆ. ಆಮೇಲೆ ಮೀನು ತೋರಿಸಲು ಆಗಲಿಲ್ಲ, ಗುರುಗಳೇ."

"ಗುರು ಎನ್ನಬೇಡ. ನಾನಿಲ್ಲಿ ಹಗ್ಗ ಹಿಡಿಯುವವನು."

"ಮತ್ತೆ ಏನೆನ್ನಲಿ?"

"ಊರಲ್ಲಿ ನನ್ನ ಪ್ರಾಯದವರನ್ನು ಏನೆಂದು ಕರೆಯುತ್ತಿ?"

"ಅಜ್ಜಯ್ಯ."

ಶಿನ್ನಯ್ಯ ತಲೆ ಸವರಿಕೊಂಡರು.

"ಅದಕ್ಕೆ ನಾನಿನ್ನೂ ತಯಾರಾಗಿರಲಿಲ್ಲ. ಆಗಲಿ. ಅಲ್ಲಿ ಮೂರು ಅಂಗಿ ಇವೆ. ಒಂದನ್ನು ಆರಿಸಿಕೊಂಡು ಬಾ."

ಎರಡು ಒದ್ದೆ ಅಂಗಿಗಳು. ಅಂದರೆ ದಪ್ಪ ರಬ್ಬರಿನವು. ಅವು ಸ್ವಲ್ಪ ನೀರನ್ನು ಒಳಗೆ ಬಿಟ್ಟುಕೊಂಡು ಮೈಗೆ ಅಂಟಿಸಿ ಹಿಡಿದುಕೊಳ್ಳುತ್ತವೆ. ಒಂದು ಬಿಗಿ, ಇನ್ನೊಂದು ಸಡಿಲ. ಮೂರನೆಯದು ಒಣ ಅಂಗಿ. ಕುತ್ತಿಗೆ, ಮಣಿಕಟ್ಟುಗಳಲ್ಲಿ ರಬ್ಬರು ಕಚ್ಚಿ ಹಿಡಿದು ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ.

ಮಾದೇವಿ ಬಿಗಿಯಾದದ್ದನ್ನು ತೊಟ್ಟು ನೋಡಿದಳು. ತೆಗೆದಳು. ಸಡಿಲವಾದದ್ದನ್ನು ತೊಟ್ಟು ಹೊರಗೆ ಬಂದಳು. ಒಳಗೆ ತನ್ನ ಸ್ವೆಟರ್ ಇರಲೆಂದು ಅದರ ಮೇಲೆಯೇ ಅಂಗಿ ಎಳೆದುಕೊಂಡಿದ್ದಳು.

ಶಿನ್ನಯ್ಯ ನೋಡಿದರು. ಅವಳ ಸೊಂಟಕ್ಕೆ ಹಗ್ಗ ಕಟ್ಟಿದರು.

"ಇಳಿ."

ಅವಳು ಇಳಿದಳು. ಒಲೆಯ ಮೇಲಿಟ್ಟ ಚಹಾ ಕುದಿ ಬರುವ ಮೊದಲೇ ಮೇಲೆ ಬಂದಳು. ಹಲ್ಲುಗಳು ಕಟಕಟ ಎನ್ನುತ್ತಿದ್ದವು.

"ಅಂಗಿ ಸರಿ ಇಲ್ಲ, ಅಜ್ಜಯ್ಯ. ನೀರು ಬರುತ್ತಲೇ ಇತ್ತು."

"ಒದ್ದೆ ಅಂಗಿಯಲ್ಲವೇ? ಬರುತ್ತದೆ. ಬಂದ ನೀರನ್ನು ಏನು ಮಾಡಿದೆ?"

"ಮೈಯ ಕಾವಿಗೆ ಸ್ವಲ್ಪ ಬೆಚ್ಚಗಾಗುತ್ತಿತ್ತು. ಅಷ್ಟರಲ್ಲಿ ಅದು ಹೊರಗೆ ಹೋಗಿ ಬೇರೆ ನೀರು ಬರುತ್ತಿತ್ತು. ಮತ್ತೆ ಮೊದಲಿನಿಂದ."

ಶಿನ್ನಯ್ಯ ಸರೋವರವನ್ನು ಈ ದಡದಿಂದ ಆ ದಡದವರೆಗೆ ನಿಧಾನವಾಗಿ ನೋಡಿದರು.

"ಒಳ್ಳೆಯ ಮನಸ್ಸು ನಿನ್ನದು, ಮಾರಾಯ್ತಿ. ಇಷ್ಟು ದೊಡ್ಡ ಕೆರೆಯನ್ನು ಒಬ್ಬಳೇ ಕಾಯಿಸಲು ಹೊರಟೆ."

ಆಮೇಲೆ ಸ್ವೆಟರನ್ನು ಹಿಂಡಿದರು. ಕೊಡಪಾನದಿಂದ ಸುರಿದಂತೆ ನೀರು ಸುರಿಯಿತು.

"ಇದಕ್ಕೂ ಬಾಯಾರಿತ್ತು ಕಾಣ್ತದೆ. ಬಿಗಿಯಾದದ್ದನ್ನು ಯಾಕೆ ಬಿಟ್ಟೆ?"

ಮಾದೇವಿ ರಸ್ತೆಯ ಕಡೆ ನೋಡಿದಳು. ಅಲ್ಲಿ ಯಾತ್ರಿಕರು ನಿಂತು ಇತ್ತಲೇ ನೋಡುತ್ತಿದ್ದರು.

"ಅದು ಮೈಗೆ ಅಂಟಿಕೊಳ್ಳುತ್ತದೆ. ಜನ ಇದ್ದಾರೆ."

ಶಿನ್ನಯ್ಯ ಒಳಗೆ ಹೋದರು. ತಾವು ಹೊದೆಯುವ ಕಂಬಳಿಯನ್ನು ತಂದು ಅವಳ ಹೆಗಲ ಮೇಲೆ ಹಾಕಿದರು.

"ನೀರಿನ ಅಂಚಿನವರೆಗೆ ಇದು. ಅಲ್ಲಿಂದ ಮುಂದೆ ಅದು. ದಂಡೆಯ ಅಂಗಿಯನ್ನು ತೊಟ್ಟು ನೀರಿಗೆ ಇಳಿಯಬೇಡ."

ಮಾರನೆಯ ದಿನದಿಂದ ಅವಳು ಬಿಗಿಯಾದದ್ದನ್ನೇ ತೊಟ್ಟಳು. ಕಾಲು ಗಂಟೆ ಇರುವುದನ್ನು ಕಲಿತಳು. ಹಗ್ಗದ ಮಾತು ಕಲಿತಳು. ಒಂದು ಜಗ್ಗಿದರೆ ಚೆನ್ನಾಗಿದ್ದೇನೆ, ಎರಡಕ್ಕೆ ಹಗ್ಗ ಬಿಡಿ, ಮೂರಕ್ಕೆ ಸಿಕ್ಕಿತು, ನಾಲ್ಕಕ್ಕೆ ಎಳೆಯಿರಿ. ಒಣ ಅಂಗಿಯ ಎರಡು ಗುಂಡಿಗಳನ್ನೂ ಶಿನ್ನಯ್ಯ ತೋರಿಸಿಕೊಟ್ಟರು. ಆಳಕ್ಕೆ ಇಳಿದಂತೆ ನೀರು ಅಂಗಿಯನ್ನು ಮೈಗೆ ಅದುಮುತ್ತದೆ, ಆಗ ಬೆನ್ನಿನ ಸಿಲಿಂಡರಿನಿಂದ ಅಂಗಿಯೊಳಗೆ ಗಾಳಿ ಬಿಡುವುದಕ್ಕೆ ಒಂದು. ಇನ್ನೊಂದು ಹೊರಗೆ ಬಿಡುವುದಕ್ಕೆ.

ಆದರೆ ಅದನ್ನು ತೊಡಲು ಬಿಡಲಿಲ್ಲ.

"ಅದು ಆಳಕ್ಕೆ. ಆಳದಲ್ಲಿ ನಿನಗಿನ್ನೂ ಕೆಲಸ ಬಂದಿಲ್ಲ."

ತಿಂಗಳ ಮೇಲೆ ಕೆಲಸ ಬಂತು.

ಬಾಗಲಕೋಟೆ ಕಡೆಯಿಂದ ಯಾತ್ರೆಗೆ ಬಂದ ಗುಂಪು. ಅದರಲ್ಲಿ ಮುರಿಗೆಪ್ಪ, ಅವನ ಹೆಂಡತಿ ಪಾರವ್ವ. ಸರೋವರದ ಆಚೆ ತುದಿಯ ಗುಡಿಯ ಹತ್ತಿರ ಮುರಿಗೆಪ್ಪ ಮುಳುಗು ಹಾಕಲು ಇಳಿದ. ಬಟ್ಟೆಗಳನ್ನು ಹೆಂಡತಿಯ ಕೈಗೆ ಕೊಟ್ಟ. "ಹಿಡಕೊಂಡಿರು, ಬಂದೆ" ಎಂದ. ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಗೆ ನೆಲವಿರಲಿಲ್ಲ.

ಹುಡುಕುವವರು ಬಂದು ಮೂರು ದಿನ ಹುಡುಕಿದರು. ಇಂಥ ತಣ್ಣೀರು ಹೆಣವನ್ನು ತಾನಾಗಿ ಮೇಲೆ ಬಿಡುವುದಿಲ್ಲ, ಇನ್ನು ಹಿಮ ಕರಗಿದ ಮೇಲೆ ನೋಡೋಣ ಎಂದು ಹೇಳಿ ಹೋದರು. ಜೊತೆಯ ಯಾತ್ರಿಕರು ಕೆಳಗಿನ ಪೇಟೆಯಲ್ಲಿ ಕಾದರು. ಪಾರವ್ವ ಪೇಟೆಗೆ ಇಳಿಯಲಿಲ್ಲ. ದಂಡೆಯಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತಳು. ಮಡಿಲಲ್ಲಿ ಗಂಡನ ಧೋತರ, ಉಣ್ಣೆಯ ಅಂಗಿ.

ಸರೋವರದ ಅಂಚಿನಲ್ಲಿ ಆಗಲೇ ಗಾಜಿನಂತೆ ಹಿಮ ಕಟ್ಟತೊಡಗಿತ್ತು. ಇನ್ನು ಹತ್ತು ದಿನ ಎಂದರು ಶಿನ್ನಯ್ಯ. ಆಮೇಲೆ ಬಾಗಿಲು ಹಾಕುತ್ತದೆ.

ಮಾದೇವಿ ಹೋಗಿ ಪಾರವ್ವನ ಪಕ್ಕದಲ್ಲಿ ಕುಳಿತಳು.

"ನಮ್ಮೊಳಗ ಸುಡೂದಿಲ್ಲ ತಂಗಿ," ಎಂದಳು ಪಾರವ್ವ. "ಕುಂದ್ರಿಸಿ ಮಣ್ಣ ಕೊಡ್ತೀವಿ. ಹೊಲದಾಗ ಬೇವಿನ ಗಿಡದ ಬುಡಕ ಜಾಗಾ ಅವರ ತೋರ್ಸಿ ಇಟ್ಟಾರ. ಮಗ್ಗಲಕ್ಕ ನನಗೂ ಬಿಟ್ಟಾರ. ಈಗ ನಾ ಒಬ್ಬಾಕಿನ ಹೋಗಿ ಅಲ್ಲಿ ಹ್ಯಾಂಗ ಕುಂದ್ರಲಿ?"

ಮಾದೇವಿ ಅತ್ತಳು. ಅವತ್ತು ಅವಳು ಊಟ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಪಾರವ್ವ ಎಚ್ಚರವಿದ್ದಷ್ಟು ಹೊತ್ತು ಎಚ್ಚರವಿದ್ದಳು. ಬಿಗಿ ಅಂಗಿ ತೊಟ್ಟು, ಅದು ತಾಳುವ ಆಳದವರೆಗೆ, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಇಳಿದಳು. ಬರಿಗೈಯಲ್ಲಿ ಬಂದು ಪಾರವ್ವನ ಮುಖ ನೋಡಿ ಮತ್ತೆ ಅತ್ತಳು.

ಮೂರನೆಯ ದಿನ ಶಿನ್ನಯ್ಯ ಅವಳ ಸೊಂಟದ ಹಗ್ಗವನ್ನು ಬಿಚ್ಚಿದರು.

"ಇವತ್ತು ಬೇಡ."

"ಯಾಕೆ? ನೀವು ಹೇಳಿದ ಅಂಗಿಯೇ ತೊಟ್ಟಿದ್ದೇನೆ. ಬಿಗಿಯಾಗಿದೆ."

"ಅಂಗಿ ಬಿಗಿಯಾಗಿದೆ. ನೀನು ಸಡಿಲವಾಗಿದ್ದೀ."

ಮಾದೇವಿಗೆ ಸಿಟ್ಟು ಬಂತು.

"ಅಂದರೆ ಅವರ ಹತ್ತಿರ ಕೂರಬಾರದಾ? ಅಳಬಾರದಾ?"

"ಹೇಳು, ಮೂರು ದಿನದಲ್ಲಿ ಆ ತಾಯಿಯ ದುಃಖ ಎಷ್ಟು ಬೆಚ್ಚಗಾಯಿತು?"

ಮಾದೇವಿ ಕೈ ಚಾಚಿದಳು.

"ಹಾಗಾದರೆ ಒಣ ಅಂಗಿ ಕೊಡಿ. ಒಂದು ಹನಿಯೂ ಒಳಗೆ ಬರಬಾರದು."

"ನಾಳೆ. ಮೊದಲು ಉಣ್ಣು."

ಅವಳು ಉಂಡಳು. ಮಲಗಿದಳು. ಬೆಳಿಗ್ಗೆ ಎದ್ದು ಪಾರವ್ವ ಕುಳಿತ ಕಡೆ ನೋಡದೆ, ಸುತ್ತು ಬಳಸಿ ಇನ್ನೊಂದು ದಾರಿಯಲ್ಲಿ ನೀರಿನ ಹತ್ತಿರ ಹೋದಳು.

"ತಂಗಿ, ಉಂಡಿ ಏನ?" ಎಂದು ಪಾರವ್ವ ಕೂಗಿ ಕೇಳಿದಳು.

ಮಾದೇವಿ ಕೇಳಿಸದವಳಂತೆ ತಲೆಗೆ ರಬ್ಬರಿನ ಕುಲಾವಿ ಎಳೆದುಕೊಂಡಳು.

ಶಿನ್ನಯ್ಯ ಹಗ್ಗ ಬಿಟ್ಟರು. ಎರಡು ಮಾರು. ನಾಲ್ಕು ಮಾರು. ಕೈ ಅಗಲಿಸಿದ ಅಳತೆಯ ಲೆಕ್ಕ ಅವರದು. ಎಂಟನೆಯ ಮಾರಿಗೆ ಹಗ್ಗ ನಿಂತಿತು. ಆಮೇಲೆ ನಾಲ್ಕು ಸಲ ಜಗ್ಗಿತು.

ಎಳೆದುಕೊಂಡರು.

ಮಾದೇವಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ಅಂಗಿ ಬಿಚ್ಚಿದಾಗ ತೋಳುಗಳ ಮೇಲೆ, ಕುತ್ತಿಗೆಯ ಬುಡದಲ್ಲಿ ಬೆತ್ತದಿಂದ ಬಾರಿಸಿದ ಹಾಗೆ ನೇರಳೆ ಬರೆಗಳು.

"ನೀರು ಬಂತೇ?" ಕೇಳಿದರು ಶಿನ್ನಯ್ಯ.

"ಒಂದು ಹನಿಯೂ ಇಲ್ಲ."

"ಮತ್ತೆ ಕಚ್ಚಿದ್ದು ಯಾರು?"

"ಅಂಗಿ."

"ಅದಕ್ಕೆ ಗಾಳಿ ಕೊಡಲಿಲ್ಲವೇ?"

"ಇಲ್ಲ. ಏನನ್ನೂ ಒಳಗೆ ಬಿಡಬಾರದು ಅಂತಿದ್ದೆ."

ಅಷ್ಟರಲ್ಲಿ ಪಾರವ್ವ ಎದ್ದು ಬಂದಿದ್ದಳು. ನಾಲ್ಕು ದಿನದಲ್ಲಿ ಅವಳು ಆ ಕಲ್ಲು ಬಿಟ್ಟು ಎದ್ದದ್ದು ಅದೇ ಮೊದಲು. ಬರೆಗಳನ್ನು ನೋಡಿದಳು. ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನ, ಯಾರ ಹೊಡದ್ರ ಈ ಹುಡಿಗೀನ?" ಶಿನ್ನಯ್ಯನವರ ಕಡೆ ತಿರುಗಿದಳು. "ನೀ ಹೊಡದ್ಯೇನ ಮುದಕಾ?"

"ನಾನಲ್ಲ, ತಾಯಿ."

"ಮತ್ತ?"

"ಅವಳನ್ನೇ ಕೇಳು."

ಪಾರವ್ವ ಕೇಳಲಿಲ್ಲ. ತನ್ನ ಚೀಲದಿಂದ ಕುಸುಬೆ ಎಣ್ಣೆಯ ಶೀಶೆ ತೆಗೆದಳು. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಂಡು ಒಂದೊಂದು ಬರೆಗೂ ಹಚ್ಚಿದಳು.

"ಕರದ್ರ ಓ ಅನ್ನಬೇಕ ನನ್ನವ್ವ," ಎಂದಳು, ಹಚ್ಚುತ್ತಲೇ. "ನಾ ಏನ ನಿನ್ನ ತಿಂತಿದ್ನೇನ?"

ಮಾದೇವಿ ತಲೆ ತಗ್ಗಿಸಿದಳು. ಅಳಲಿಲ್ಲ. "ತಪ್ಪಾಯಿತು ಅಮ್ಮಾ" ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಶಿನ್ನಯ್ಯನವರನ್ನು ಕೇಳಿದಳು:

"ಒಂದು ತಿಳಿಯಲಿಲ್ಲ, ಅಜ್ಜಯ್ಯ. ನೀರು ಒಳಗೆ ಬರಲೇ ಇಲ್ಲ. ಆದರೂ ಎಲುಬಿನವರೆಗೆ ಚಳಿ. ಒಣ ಅಂಗಿ ಬೆಚ್ಚಗಲ್ಲವೇ?"

"ಒಳಗೆ ಎಂತ ಹಾಕಿದ್ದಿ?"

"ಹತ್ತಿಯ ಬನಿಯನ್."

"ಉಣ್ಣೆ ಹಾಕು ಎಂದಿದ್ದೆ."

"ನನ್ನ ಸ್ವೆಟರನ್ನು ಅವತ್ತು ಒಲೆಯ ಮೇಲೆ ಒಣಗಿಸಿದೆ. ಕುಗ್ಗಿ ಹೋಯಿತು. ಈಗ ಬೆಕ್ಕಿಗೆ ಆಗುತ್ತದೆ. ನಿಮ್ಮದು ತೊಟ್ಟರೆ ಅದರ ಮಡಿಕೆಗಳೇ ಒತ್ತುತ್ತವೆ. ಅಂಗಿ ಇದೆಯಲ್ಲ, ಸಾಕು ಅಂದುಕೊಂಡೆ."

ಶಿನ್ನಯ್ಯ ಒಣ ಅಂಗಿಯನ್ನು ಎತ್ತಿ ಬಂಡೆಯ ಮೇಲೆ ಹರಡಿದರು. ಅವಳ ಕೈ ಹಿಡಿದು ಅದರ ಒಳಗೆ ತೂರಿಸಿದರು. ಒಳಗೂ ಹೊರಗಿನಷ್ಟೇ ತಣ್ಣಗಿತ್ತು.

"ಅಂಗಿ ಕಾಯುತ್ತದೆ, ಮಗಾ. ಕಾಯಿಸುವುದಿಲ್ಲ."

ಮಾದೇವಿ ಕೈ ತೆಗೆಯಲಿಲ್ಲ.

"ಒಳಗೆ ಬೆಚ್ಚಗಿನದು ಏನಾದರೂ ಇದ್ದರೆ ಅದನ್ನು ಕಾಯುತ್ತದೆ. ಇಲ್ಲದಿದ್ದರೆ ಚಳಿಯನ್ನೇ ಕಾಯುತ್ತದೆ."

ಪಾರವ್ವ ಇಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಅಂಗಿಯ ಮಾತು ಎಷ್ಟು ತಿಳಿಯಿತೋ. ಶೀಶೆಯ ಮುಚ್ಚಳ ಹಾಕಿದಳು. ಮಡಿಲಲ್ಲಿದ್ದ ಗಂಟು ಬಿಚ್ಚಿದಳು. ಧೋತರವನ್ನು ಪಕ್ಕಕ್ಕಿಟ್ಟು ಉಣ್ಣೆಯ ಅಂಗಿಯನ್ನು ಮಾದೇವಿಯ ಮುಂದೆ ಹಿಡಿದಳು.

"ಹಾಕ್ಕೊ."

"ಬೇಡ ಅಮ್ಮಾ. ಯಜಮಾನರದು."

"ಸಣ್ಣ ಮೈ ಅವರದು. ನಿನಗ ಬರೋಬರಿ ಆಕ್ಕತಿ."

"ಅದಕ್ಕಲ್ಲ."

"ಬಂದ ಮ್ಯಾಲ ಹಾಕ್ಕೊತಾರಂತ ಹಿಡಕೊಂಡ ಕುಂತಿದ್ದೆ." ಪಾರವ್ವ ಅಂಗಿಯ ತೋಳನ್ನು ಎಳೆದು ನೇರ ಮಾಡಿದಳು. "ಅವರಿಗೆ ಇನ್ನ ಚಳಿ ಇಲ್ಲ ತಂಗಿ. ಇದ್ದಾಕಿಗೆ ಚಳಿ. ಹಾಕ್ಕೊ."

ಮಾದೇವಿ ಗುರುವಿನ ಕಡೆ ನೋಡಿದಳು. ಶಿನ್ನಯ್ಯ ಬೆನ್ನು ತಿರುಗಿಸಿ ಹಗ್ಗ ಸುತ್ತುತ್ತಿದ್ದರು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

ಎರಡು ದಿನ ಅವಳನ್ನು ನೀರಿಗೆ ಬಿಡಲಿಲ್ಲ. ಬರೆಗಳು ಮಾಯಲಿ ಎಂದರು. ಆ ಎರಡು ದಿನ ಮಾದೇವಿ ಹೊತ್ತಿಗೆ ಸರಿಯಾಗಿ ಉಂಡಳು. ಪಾರವ್ವನಿಗೂ ಬಡಿಸಿದಳು. ಬೇಡ ಎಂದರೆ, "ನೀವು ಉಂಡರೆ ನಾನು ಇಳಿಯುತ್ತೇನೆ" ಎಂದಳು.

"ಭಾಳ ಶಾಣ್ಯಾಕಿ ಅದಿ," ಎಂದು ಪಾರವ್ವ ತಟ್ಟೆಗೆ ಕೈ ಹಾಕಿದಳು.

ಮೂರನೆಯ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಹೊರಟರು. ಅಂಚಿನ ಹಿಮವನ್ನು ಶಿನ್ನಯ್ಯ ಕೋಲಿನಿಂದ ಒಡೆದರು. ಮಾದೇವಿ ಉಣ್ಣೆಯ ಅಂಗಿ ತೊಟ್ಟಳು. ಎಲ್ಲೂ ಮಡಿಕೆ ಇಲ್ಲದ ಹಾಗೆ ಪಾರವ್ವ ಅದನ್ನು ಬೆನ್ನಿನ ಮೇಲೆ ಎಳೆದು ಸವರಿದಳು. ಅದರ ಮೇಲೆ ಒಣ ಅಂಗಿ.

"ಹೋಗಿ ಬರಲಾ?" ಎಂದಳು ಮಾದೇವಿ.

"ಬಾ," ಎಂದಳು ಪಾರವ್ವ.

ಅವಳು ಇಳಿದಳು. ಎರಡು ಮಾರಿಗೊಮ್ಮೆ ಅಂಗಿಗೆ ಒಂದು ಗುಟುಕು ಗಾಳಿ. ಹಿಡಿತ ಬಿಗಿಯಾದೊಡನೆ ಗುಂಡಿ ಒತ್ತುವಳು. ಅದು ಸಡಿಲವಾಗುವುದು. ಹೆಚ್ಚು ಕೊಡುವ ಹಾಗಿಲ್ಲ, ಕೊಟ್ಟರೆ ಮೇಲಕ್ಕೆ ಎತ್ತಿ ಒಯ್ಯುತ್ತದೆ. ಎಂಟು ಮಾರು. ಒಂಬತ್ತು. ಒಳಗೆ ಉಣ್ಣೆಯ ಕಾವು ಹಾಗೆಯೇ ಇತ್ತು.

ಹನ್ನೊಂದನೆಯ ಮಾರಿನಲ್ಲಿ ಹಗ್ಗ ನಿಂತಿತು.

ದಂಡೆಯಲ್ಲಿ ಶಿನ್ನಯ್ಯ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡು ನಿಂತರು. ಪಾರವ್ವ ಹಗ್ಗವನ್ನಲ್ಲ, ಅವರ ಮುಖವನ್ನು ನೋಡುತ್ತಿದ್ದಳು.

ಹಗ್ಗ ಒಮ್ಮೆ ಜಗ್ಗಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಆಮೇಲೆ ಮೂರು ಸಲ.

ಶಿನ್ನಯ್ಯ ತಲೆಯಾಡಿಸಿದರು. ಪಾರವ್ವ ಧೋತರದ ಮಡಿಕೆ ಬಿಚ್ಚತೊಡಗಿದಳು.

ಅವನನ್ನು ಮೇಲೆ ತಂದು, ಕಂಬಳಿಯ ಮೇಲೆ ಮಲಗಿಸಿ, ಧೋತರ ಹೊದಿಸಿದ ಮೇಲೆ ಪಾರವ್ವ ಮಾದೇವಿಯ ಹತ್ತಿರ ಬಂದಳು.

"ಹ್ಯಾಂಗಿದ್ರ?"

"ಬಂಡೆಗೆ ಒರಗಿಕೊಂಡು ಕುಳಿತಿದ್ದರು ಅಮ್ಮಾ."

"ಕುಂತಿದ್ರ?"

"ಹೌದು. ಕುಳಿತಿದ್ದರು."

ಪಾರವ್ವ ಎರಡು ಸಲ ತಲೆಯಾಡಿಸಿದಳು.

ಮಧ್ಯಾಹ್ನ ಪೇಟೆಯಿಂದ ಜನ ಗಾಡಿ ತಂದರು. ಉಣ್ಣೆಯ ಅಂಗಿಯನ್ನು ಮಾದೇವಿ ಮಡಚಿ ಕೊಡಹೋದಳು. ಪಾರವ್ವ ಅದನ್ನು ಮುಖಕ್ಕೆ ಒತ್ತಿಕೊಂಡು, ಮತ್ತೆ ಅವಳ ಕೈಯಲ್ಲೇ ಇಟ್ಟಳು.

ಗಾಡಿ ತಿರುವಿನಲ್ಲಿ ಮರೆಯಾಯಿತು.

ಗುರು ಶಿಷ್ಯೆ ಒಲೆಯ ಮುಂದೆ ಕುಳಿತರು. ಮಾದೇವಿ ಬೆರಳಿನಿಂದ ತನ್ನ ತುಟಿ, ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಎಂತ ಆಯಿತು?"

"ಇಡೀ ಮೈ ಬೆಚ್ಚಗಿತ್ತು ಅಜ್ಜಯ್ಯ. ತುಟಿಯ ಸುತ್ತ ಇಷ್ಟು ಜಾಗಕ್ಕೆ ಮಾತ್ರ ನೀರು ತಾಗಿತು. ಮೊದಲು ಸುಟ್ಟ ಹಾಗಾಯಿತು. ಈಗ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ."

"ಸಂಜೆಯೊಳಗೆ ಬರುತ್ತದೆ."

"ಇದನ್ನೂ ಮುಚ್ಚುವ ಮುಖವಾಡ ಬಂದಿದೆಯಂತೆ."

"ಬಂದಿದೆ. ಒಳಗೆ ಪೆಟ್ಟಿಗೆಯಲ್ಲಿದೆ."

ಮಾದೇವಿ ಅವರನ್ನೇ ದಿಟ್ಟಿಸಿದಳು.

"ಇದ್ದೂ ಕೊಡಲಿಲ್ಲವಾ?"

"ಬೇಕಿದ್ದರೆ ತೆಗೆದುಕೋ. ನಾನು ಒಂದು ಸಲ ಹಾಕಿದ್ದೆ."

"ಹೇಗಿತ್ತು?"

"ಚೆನ್ನಾಗಿತ್ತು. ಚಳಿಯೇ ಆಗಲಿಲ್ಲ."

"ಮತ್ತೆ ಯಾಕೆ ಪೆಟ್ಟಿಗೆಯಲ್ಲಿಟ್ಟಿರಿ?"

ಶಿನ್ನಯ್ಯ ಒಲೆಗೆ ಒಂದು ಸೌದೆ ಇಟ್ಟರು.

"ಅವತ್ತು ಮೇಲೆ ಬಂದಾಗ ದಂಡೆಯಲ್ಲಿ ಒಬ್ಬಳು ತಾಯಿ ಕೇಳಿದಳು, ಕೆಳಗೆ ನನ್ನ ಮಗನಿಗೆ ತುಂಬಾ ಚಳಿಯಾಯಿತಾ ಅಂತ. ನನ್ನಲ್ಲಿ ಉತ್ತರ ಇರಲಿಲ್ಲ."